ಮೂರು ಮಾರ್ಕ್ಸಿನ ಕಣ್ಣು

ಆ ಹುಡುಗಿ ಬರೆದ ಕಣ್ಣಿನ ಚಿತ್ರ ನೋಡಿ ಮೊದಲು ನನಗೆ ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದ ಬರೆದಿದ್ದಳು. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿಗೆ ಇಡುತ್ತೇವಲ್ಲ, ಹಾಗೆ ಮೊದಲು ಚುಕ್ಕಿ ಇಟ್ಟುಕೊಂಡು, ಆಮೇಲೆ ಕೈ ಎತ್ತದೆ ಒಂದು ದುಂಡು ಎಳೆದು, ಒಳಗೆ ಮಸೂರ ಕೂಡಿಸಿ, ಹಿಂದೆ ನರ ಬಿಟ್ಟು, ಬಾಣದ ಗೆರೆಗಳ ತುದಿಗೆ ಕಾರ್ನಿಯಾ, ಪಾಪೆ, ರೆಟಿನಾ ಎಂದು ಮುತ್ತಿನಂಥ ಅಕ್ಷರದಲ್ಲಿ ಹೆಸರು ಹಾಕಿದ್ದಳು. ಒಂದು ಗೆರೆಯೂ ಅಲುಗಿರಲಿಲ್ಲ.

"ಭಾಳ ಛಲೋ ಬರದಿ ಬಿಡವಾ. ಏನಿದು, ಹೇಳ ನೋಡೂಣು?" ಎಂದೆ.

ಅವಳು ಎದ್ದು ನಿಂತು ಕೈ ಕಟ್ಟಿಕೊಂಡು ಹೇಳಿದಳು: "ಇದು ಮೂರ ಮಾರ್ಕ್ಸಿಂದ್ರಿ ಟೀಚರ್."

ನಾನು ನಕ್ಕೆ. ಅವಳು ನಗಲಿಲ್ಲ. ಆಗ ತಿಳಿಯಿತು, ಅವಳು ತಮಾಷೆ ಮಾಡಿರಲಿಲ್ಲ. "ಅಲ್ಲಬೇ, ಇದು ಏನು ಅಂತ ಕೇಳಿದೆ" ಎಂದು ಮತ್ತೆ ಕೇಳಿದೆ. ಪಕ್ಕದ ಹುಡುಗಿಯರ ಮುಖ ನೋಡಿದಳು. ಒಬ್ಬಳು ಮೆಲ್ಲಗೆ, "ಚಿತ್ರ ಐತಲ್ರಿ, ಪ್ಯಾಕೇಜ್‌ನ್ಯಾಗಿನ ಮೊದಲನೇ ಚಿತ್ರ" ಎಂದಳು. ಮೇಲೆ ಶೀರ್ಷಿಕೆಯಲ್ಲಿ ಕಣ್ಣು ಎಂದು ಅವರೇ ಬರೆದಿದ್ದರು. ಆ ಶೀರ್ಷಿಕೆಗೂ, ನನ್ನನ್ನು ನೋಡುತ್ತಿದ್ದ ಅವರ ಕಣ್ಣುಗಳಿಗೂ ಸಂಬಂಧವಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಈ ಪ್ಯಾಕೇಜ್ ಏನು ಎಂದು ಹೇಳಬೇಕು. ನಾನು ವಿಜ್ಞಾನದ ಟೀಚರ್. ರನ್ನ ಬೆಳಗಲಿಯ ಆಚೆಗಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಬನಹಟ್ಟಿಯಿಂದ ದಿನಾ ಸ್ಕೂಟಿಯ ಮೇಲೆ ಹೋಗಿ ಬರುತ್ತೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೋಣೆಗಳಿಗೆ ಕ್ಯಾಮೆರಾ ಬಂದ ವರ್ಷ ನಮ್ಮ ಸುತ್ತಲಿನ ಎಷ್ಟೋ ಶಾಲೆಗಳ ರಿಸಲ್ಟ್ ದೊಪ್ಪೆಂದು ಬಿತ್ತು. ನಮ್ಮದೂ ಬಿತ್ತು. ಅಷ್ಟು ದಿನ ಯಾರು ಬರೆಯುತ್ತಿದ್ದರು, ಯಾರು ಬರೆಸುತ್ತಿದ್ದರು ಎಂದು ಒಬ್ಬರೂ ಕೇಳಲಿಲ್ಲ. ರಿಸಲ್ಟ್ ಯಾಕೆ ಬಿತ್ತು ಎಂದು ನಮಗೆ ನೋಟಿಸು ಬಂತು. ನಮ್ಮ ಹೆಡ್‌ಮಾಸ್ತರ್ ನಿವೃತ್ತಿಗೆ ಹತ್ತಿರವಿದ್ದವರು, ಕೆಟ್ಟ ಮನುಷ್ಯರಲ್ಲ, ಆದರೆ ಆ ನೋಟಿಸು ಓದಿದ ದಿನದಿಂದ ಅವರಿಗೆ ಊಟ ಸೇರದಂತಾಯಿತು.

ಮುಂದಿನ ವರ್ಷ ನವೆಂಬರಿನಲ್ಲಿ ಒಂದು ಟೆಸ್ಟ್ ಮಾಡಿ ಹತ್ತನೇ ತರಗತಿಯನ್ನು ಎರಡು ಮಾಡಿದರು. ಎ ಗ್ರೂಪು, ಸಿ ಗ್ರೂಪು. ನಡುವೆ ಬಿ ಇರಲಿಲ್ಲ. ಯಾಕೆ ಇಲ್ಲ ಎಂದು ಕೇಳಿದ್ದಕ್ಕೆ, "ಬಿ ಇಟ್ಟರ ಮತ್ತೊಂದ ಕ್ವಾಣಿ ಬೇಕಲ್ರಿ ಮೇಡಂ" ಎಂದರು. ಎ ಗ್ರೂಪಿಗೆ ಪೂರ್ತಿ ಪಾಠ. ಸಿ ಗ್ರೂಪಿಗೆ ಕೆಲವೇ ಹಾಳೆಗಳ ಪಾಸಿಂಗ್ ಪ್ಯಾಕೇಜು: ಖಂಡಿತ ಬರುವ ಚಿತ್ರಗಳು, ಖಂಡಿತ ಬರುವ ಪ್ರಮೇಯ, ಒಂದು ಗ್ರಾಫು. ಅಷ್ಟನ್ನು ಬಾಯಿಪಾಠ ಮಾಡಿ, ಉಳಿದ ಪ್ರಶ್ನೆಗಳತ್ತ ಕಣ್ಣೆತ್ತಿಯೂ ನೋಡದೆ ಬಂದರೆ ಪಾಸು. ಪ್ರಮೇಯವನ್ನು ಮಂತ್ರದಂತೆ ಹೇಳುವ ಹುಡುಗನಿಗೆ ಹಲಗೆಯ ಮೇಲೆ ತ್ರಿಕೋನವನ್ನು ತಲೆಕೆಳಗು ಬರೆದುಕೊಟ್ಟರೆ, "ಇದು ನಮ್ಮ ಪ್ಯಾಕೇಜ್‌ನ್ಯಾಗಿಲ್ರಿ" ಎನ್ನುತ್ತಿದ್ದ. ಕಣ್ಣಿಗೆ ಚುಕ್ಕಿ ಇಡುವ ಉಪಾಯ ನಮ್ಮ ಗಣಿತದ ಮೇಡಂ ಅವರದು. ಮಕ್ಕಳಿಗೆ ರಂಗೋಲಿ ಬರುತ್ತದೆ, ಅದರ ಮೇಲೆಯೇ ಕಣ್ಣು ಕಲಿಸಿದರೆ ಮರೆಯುವುದಿಲ್ಲ ಎಂಬ ಲೆಕ್ಕ ಅವರದು. ಲೆಕ್ಕ ತಪ್ಪಿರಲಿಲ್ಲ, ಯಾರೂ ಮರೆಯಲಿಲ್ಲ.

ಮೂರು ಮಾರ್ಕ್ಸಿನ ಹುಡುಗಿ ಕುರಿ ಸಾಕುವ ಮನೆಯವಳು. ಬೀರೇಶ್ವರನ ಒಕ್ಕಲು. ಅಪ್ಪ ಹಿಂಡು ಹೊಡೆದುಕೊಂಡು ಬಾಡಗಂಡಿಯ ಕಡೆ, ಕಬ್ಬು ಕಡಿದ ಹೊಲಗಳಲ್ಲಿ ಇರುತ್ತಿದ್ದ. ಇವಳು ಅಜ್ಜಿಯ ಜೊತೆ ಊರಲ್ಲಿ. ಕುರಿ ಈಯುವ ಹೊತ್ತಿಗೆ ಕೈ ಸಾಲದು ಎಂದು ಅಪ್ಪ ಕರೆಸಿಕೊಳ್ಳುತ್ತಿದ್ದ, ಇವಳು ಹೋಗುತ್ತಿದ್ದಳು. ಆ ವರ್ಷ ಹಾಗೆ ಹೋಗಿ ಬಂದ ಮೇಲೆಯೇ ನವೆಂಬರಿನ ಟೆಸ್ಟು. ಪಾಠವೇ ಕೇಳದವಳು ಏನು ಬರೆದಾಳು? ಸಿ ಗ್ರೂಪಿಗೆ ಬಿದ್ದಳು.

ಬರೀ ಪಾಸಾದರೆ ಸಾಕು ಎನ್ನುವವಳಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಅವಳಿಗೆ ಒಂದು ಆಸೆ ಇತ್ತು. ಒಂದು ಸಲ ಅವರ ಹಿಂಡಿಗೆ ಬೇನೆ ಬಿದ್ದಾಗ ಪಶು ಇಲಾಖೆಯ ಮೇಡಂ ಒಬ್ಬರು ಸ್ಕೂಟಿಯ ಮೇಲೆ ಹೊಲಕ್ಕೇ ಬಂದು, ಸೀರೆ ಎತ್ತಿ ಕಟ್ಟಿ, ಕುರಿಗಳಿಗೆಲ್ಲ ಸೂಜಿ ಮಾಡಿ ಹೋಗಿದ್ದರಂತೆ. ಅಲ್ಲಿಂದ ಇವಳಿಗೆ ಅದೇ ಹುಚ್ಚು. ಹತ್ತನೇ ತರಗತಿಯ ಮಾರ್ಕ್ಸಿನ ಮೇಲೆ ಪಶುಸಂಗೋಪನೆಯ ಡಿಪ್ಲೊಮಾಕ್ಕೆ ಸೀಟು ಸಿಗುತ್ತದೆ ಎಂದು ನಾನೇ ಹೇಳಿದ್ದೆ. ಪಾಸಿಂಗ್ ಪ್ಯಾಕೇಜಿನ ಮಾರ್ಕ್ಸಿಗೆ ಆ ಸೀಟಿನ ಬಾಗಿಲೂ ಕಾಣುವುದಿಲ್ಲ. ಸಿ ಗ್ರೂಪಿನಲ್ಲಿ ಉಳಿದರೆ ಅವಳ ಆಸೆ ಅಲ್ಲಿಗೇ ಮುಗಿದಂತೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಮೂರ ಮಾರ್ಕ್ಸಿಂದ್ರಿ" ಎಂದ ದಿನ ಮನೆಗೆ ಬಂದರೂ ನನ್ನ ಸಿಟ್ಟು ಇಳಿಯಲಿಲ್ಲ. ಆ ಹುಡುಗಿಯ ಮೇಲಲ್ಲ. ಇಪ್ಪತ್ತು ವರ್ಷದಿಂದ ಕಣ್ಣಿನ ಪಾಠ ಮಾಡುತ್ತಾ ಬಂದ ನಾನು ಒಂದು ಕಣ್ಣನ್ನಾದರೂ ಬಿಚ್ಚಿ ನೋಡಿದ್ದೇನೆಯೇ? ಇಲ್ಲ. ನಮ್ಮದು ನೇಕಾರರ ಮನೆ, ತತ್ತಿ ಸಹ ಹೊಸ್ತಿಲು ದಾಟಿದ್ದಿಲ್ಲ. ಬಿ.ಎಸ್ಸಿ.ಯಲ್ಲಿಯೂ ಚಿತ್ರ ಬರೆದೇ ಪಾಸಾದವಳು ನಾನು. ನೋಡದ ಕಣ್ಣನ್ನು ನೋಡದ ಮಕ್ಕಳಿಗೆ ಬರೆಸಿ, ನೋಡದವರಿಂದ ಮಾರ್ಕ್ಸ್ ಹಾಕಿಸುತ್ತಿದ್ದೆವು. ಇದೆಂಥ ವಿಜ್ಞಾನ, ನನ್ನ ತಲೆ!

ಮರುದಿನ ಅವಳನ್ನು ಕರೆದು ಕೇಳಿದೆ. "ನಿಮ್ಮ ಮನ್ಯಾಗ ಕುರಿ ಕಡೀತಾರೇನವಾ?"

"ಕಾಕಾ ಕಡೀತಾರ್ರಿ. ಆಯ್ತವಾರ ಅಷ್ಟ."

"ಒಂದಿಷ್ಟ ಕಣ್ಣ ತರ್ತೀಯೇನು?"

ಅವಳು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು. "ನಿಮಗ್ಯಾಕ್ರಿ ಟೀಚರ್? ನೀವು ತಿನ್ನಾಂಗಿಲ್ಲಲ್ರಿ?"

"ತಿನ್ನಾಕಲ್ಲಬೇ, ನೋಡಾಕ."

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ನಮ್ಮಂಥ ಮನೆಯವರೇ ಮಾಡುವ ಎಡವಟ್ಟು. ಕುರಿ ಕಡಿಯುವುದು ಭಾನುವಾರ ಎಂದರೆ ಕಣ್ಣು ಶಾಲೆಗೆ ಬರುವುದು ಸೋಮವಾರ ಎಂಬ ಲೆಕ್ಕ ನನ್ನ ತಲೆಗೆ ಹೊಳೆಯಲೇ ಇಲ್ಲ. ಮಾಂಸ ತಿನ್ನುವವರು ಸಹ ಸೋಮವಾರ ಮುಟ್ಟದ ಊರು ಅದು. ಅಂಥ ಊರಲ್ಲಿ ಸೋಮವಾರ ಬೆಳಿಗ್ಗೆ ಸಿ ಗ್ರೂಪಿನ ಕೋಣೆಯಲ್ಲಿ, ಉಪ್ಪುನೀರಿನ ಸ್ಟೀಲಿನ ಡಬ್ಬಿಯೊಳಗಿಂದ ಕುರಿಯ ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು.

ಬ್ಲೇಡು ಹಿಡಿದದ್ದು ನಾನು. ಬಿಳಿಯ ಭಾಗ ಚಪ್ಪಲಿಯ ತೊಗಲಿನಷ್ಟು ಗಟ್ಟಿ, ಕೊಯ್ದರೆ ಕೊಯ್ಯಿಸಿಕೊಳ್ಳದು. ಕೊನೆಗೆ ಚಿಲ್ಲೆಂದು ನೀರು ನನ್ನ ಸೀರೆಗೇ ಹಾರಿತು. ಕೋಣೆಯೆಲ್ಲ ಹೋ ಎಂದಿತು. ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುವವರು ಸಹ ಎದ್ದು ಬಂದು ಮೇಜಿನ ಸುತ್ತ ಮುಗಿಬಿದ್ದರು. ಮಸೂರ ಹೊರಗೆ ಬಂತು. ಪುಸ್ತಕದಲ್ಲಿ ಎರಡು ಬಾಗಿದ ಗೆರೆಯಾಗಿದ್ದದ್ದು ಅಂಗೈಯಲ್ಲಿ ಗೋಲಿಯಂತೆ ಕೂತಿತು. ಅದನ್ನು ಪೇಪರಿನ ಮೇಲೆ ಇಟ್ಟಾಗ ಕೆಳಗಿನ ಅಕ್ಷರ ದೊಡ್ಡದಾಗಿ ಕಂಡಿತು. "ಏ, ದೊಡ್ಡದ ಆತಲೇ! ನೋಡಲೇ!" ಎಂದು ಒಬ್ಬ ಚೀರಿದ. ಅವನೇ ಆ ಪ್ರಮೇಯದ ಹುಡುಗ. ರೆಟಿನಾ ಒದ್ದೆ ಕಾಗದದ ಪದರಿನಂತೆ ಬಿಟ್ಟು ಬಂತು, ಒಂದೇ ಕಡೆ ಮಾತ್ರ ಅಂಟಿಕೊಂಡಿತ್ತು. ಅಲ್ಲಿಂದಲೇ ನರ ಹೊರಗೆ ಹೋಗುವುದು ಎಂದು ತೋರಿಸಿದೆ. ತೋರಿಸುತ್ತಾ ನಾನೂ ಅದನ್ನು ಮೊದಲ ಸಲ ನೋಡುತ್ತಿದ್ದೆ.

ರೆಟಿನಾ ಸರಿಸಿದಾಗ ಅದರ ಹಿಂದೆ ನೀಲಿ, ಹಸಿರು ಬಣ್ಣದಲ್ಲಿ ಮಿಂಚುವ ಒಂದು ಪದರ ಕಂಡಿತು. ಹುಡುಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಟೀಚರ್, ಕತ್ತಲ್ಯಾಗ ಬ್ಯಾಟರಿ ಬಿಟ್ರ ಕುರಿ ಕಣ್ಣ ಹೊಳೀತಾವಲ್ರಿ, ಇದರಿಂದೇನ್ರಿ?"

"ಹೌದವಾ, ಇದರಿಂದನ."

"ಹಂಗಾದ್ರ ನಮ್ಮವ್ಯಾಕ ಹೊಳಿಯಾಂಗಿಲ್ರಿ?"

ಆ ಕೋಣೆಯಲ್ಲಿ ಮಾರ್ಕ್ಸಿಲ್ಲದ ಒಂದು ಪ್ರಶ್ನೆ ಹುಟ್ಟಿತ್ತು. ನಮ್ಮ ಕಣ್ಣಿಗೆ ಆ ಪದರ ಇಲ್ಲ, ರಾತ್ರಿ ಮೇಯುವ, ರಾತ್ರಿ ಓಡಾಡುವ ಎಷ್ಟೋ ಪ್ರಾಣಿಗಳಿಗೆ ಇದೆ ಎಂದು ಹೇಳಿದೆ. ಆ ದಿನ ಗಂಟೆ ಬಾರಿಸಿದ್ದು ನಮ್ಮಲ್ಲಿ ಯಾರಿಗೂ ಕೇಳಲಿಲ್ಲ.

ಸಂಜೆಯೊಳಗೆ ಊರೆಲ್ಲ ಸುದ್ದಿ. ಮರುದಿನ ಶಾಲಾ ಕಮಿಟಿಯ ಹಿರಿಯರು ಬಂದು ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತಿದ್ದರು.

"ಅಲ್ರೀ ಮೇಡಂ, ಸೋಮಾರ ದಿನ ಸಾಲ್ಯಾಗ ಇದೇನ ಹಚ್ಚೀರಿ? ನೀವರೆ ಎಂಥಾ ಮನಿತನದವರು!" ಎಂದರು ಅವರು.

"ತಪ್ಪಾತ್ರಿ, ಸೋಮಾರ ಅಂಬೂದು ಖಬರ ಇರ್ಲಿಲ್ಲ" ಎಂದೆ. ದಿನದ ಮಟ್ಟಿಗೆ ಅದು ಖರೆ. "ಆದ್ರ ಕಣ್ಣ ತೋರಿಸಿದ್ದು ತಪ್ಪ ಅಂತ ನಾ ಒಪ್ಪಂಗಿಲ್ರಿ."

"ತೋರಿಸ್ರಿ, ಬ್ಯಾಡ ಅನ್ನಂಗಿಲ್ಲ. ಸೋಮಾರ ಬಿಟ್ಟ ತೋರಿಸ್ರಿ."

"ಕಡಿಯೂದು ಆಯ್ತವಾರ ಅಷ್ಟ ಅಲ್ರೀ? ಮಂಗಳವಾರತನಕ ಇಟ್ರ ನಾರತೈತಿ. ನೀವ ಹೇಳ್ರಿ, ಯಾವ ವಾರ ತೋರಿಸ್ಲಿ?"

ಹಿರಿಯರು ಎದ್ದು ಹೋದರು. ಹೆಡ್‌ಮಾಸ್ತರ್ ತಲೆ ಹಿಡಿದುಕೊಂಡರು. "ಊರ ಉಸಾಬರಿ ಯಾಕ್ರಿ ಮೇಡಂ ನಿಮಗ? ಪ್ಯಾಕೇಜ್ ಕೊಟ್ಟೀವಿ, ಕಲಿಸಿ ಮನಿಗೆ ಹೋಗ್ರಿ." ಮನೆಯಲ್ಲಿ ನಮ್ಮ ಅತ್ತೆ ಬೇರೆ, ಸೀರೆಯ ಕಲೆ ಯಾವುದೆಂದು ತಿಳಿದ ಮೇಲೆ ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. "ತಲಿ ಮ್ಯಾಲ ನೀರ ಹಾಕ್ಕೊಂಡ ಬಾ. ಸಾಲಿ ಕಲಿಸಾಕ ಹೋಗಿಯೋ, ಕಸಾಬತನ ಕಲಿಯಾಕ ಹೋಗಿಯೋ?" ಎಂದರು. ನಾನು ನೀರು ಹಾಕಿಕೊಂಡು ಬಂದೆ. ನೀರು ಹಾಕಿಕೊಳ್ಳುವುದಕ್ಕೆ ನನ್ನದೇನೂ ತಕರಾರಿಲ್ಲ.

ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ ಬಂತು. ಅದರಲ್ಲಿ ಚೆನ್ನಾಗಿ ಮಾಡಿದವರನ್ನು ಎ ಗ್ರೂಪಿಗೆ ಏರಿಸುವುದಾಗಿ ಹೆಡ್‌ಮಾಸ್ತರ್ ಮಾತು ಕೊಟ್ಟಿದ್ದರು. ಹುಡುಗಿ ಜೀವ ಬಿಟ್ಟು ಓದಿದಳು. ಪತ್ರಿಕೆ ಬೇರೆ ತಾಲೂಕಿನಲ್ಲಿ ತಿದ್ದಿಸಿಕೊಂಡು ಬಂತು. ವಿಜ್ಞಾನದ ಉತ್ತರ ಪತ್ರಿಕೆ ತೆರೆದೆ. ಮಾನವನ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆಗೆ ಕೆಂಪು ಶಾಯಿಯ ದೊಡ್ಡ ಸೊನ್ನೆ.

ಚುಕ್ಕಿ ಇಟ್ಟು ಬರೆದಿರಲಿಲ್ಲ. ದುಂಡು ಸ್ವಲ್ಪ ಸೊಟ್ಟಗಿತ್ತು, ಮಸೂರ ಪುಸ್ತಕದಲ್ಲಿರುವುದಕ್ಕಿಂತ ದಪ್ಪವಿತ್ತು. ರೆಟಿನಾದ ಹಿಂದೆ ಇನ್ನೊಂದು ಗೆರೆ ಎಳೆದು, ಬಾಣ ಹಾಕಿ, "ಹೊಳಿಯೋ ಪದರ" ಎಂದು ಬರೆದಿದ್ದಳು. ಪಕ್ಕದಲ್ಲಿ ತಿದ್ದಿದವರು "ಇದು ಎಲ್ಲಿದೆ?" ಎಂದು ಕೇಳಿದ್ದರು. ಅವಳು ಮನುಷ್ಯನ ಕಣ್ಣು ಕೇಳಿದರೆ ಕುರಿಯ ಕಣ್ಣು ಬರೆದು ಬಂದಿದ್ದಳು! ತಪ್ಪೇ. ನಾನು ತಿದ್ದಿದ್ದರೂ ಅಷ್ಟಕ್ಕೆ ಗೆರೆ ಹೊಡೆಯುತ್ತಿದ್ದೆ. ಆದರೆ ಉಳಿದ ಹೆಸರುಗಳೆಲ್ಲ ಸರಿ ಇದ್ದವು. ಅವಕ್ಕಾದರೂ ಮಾರ್ಕ್ಸ್ ಕೊಡಬೇಕಿತ್ತು. ಆ ಸೊನ್ನೆಯಿಂದಾಗಿ ಏರಿಸುವ ಗೆರೆಗೆ ಸ್ವಲ್ಪದರಲ್ಲಿ ಕೆಳಗೆ ಉಳಿದಳು. ಅದೇ ಕೋಣೆಯಲ್ಲಿ ಚುಕ್ಕಿ ಇಟ್ಟು ಬರೆದವರಿಗೆಲ್ಲ ಮೂರಕ್ಕೆ ಮೂರು.

ಹೆಡ್‌ಮಾಸ್ತರ್ ಆ ಹಾಳೆಯನ್ನು ನನ್ನ ಮುಂದೆ ಹಿಡಿದರು. "ನೋಡ್ರಿ. ಇದ್ದ ಮೂರ ಮಾರ್ಕ್ಸೂ ನಿಮ್ಮ ಕುರಿ ತಿಂದ ಹೋತು."

ನನಗೆ ಸಿಟ್ಟು ನೆತ್ತಿಗೇರಿತು. "ಸರ್, ಸಿ ಗ್ರೂಪಿನ ಕ್ವಾಣ್ಯಾಗ ಕಣ್ಣ ಅಂದ್ರ ಏನಂತ ತಿಳಕೊಂಡ ಬರದಾಕಿ ಇಕಿ ಒಬ್ಬಾಕೀನ. ಇಕಿ ತಪ್ಪ ಮಾಡ್ಯಾಳ, ಹೌದು. ಕಂಡಾಕಿ ಮಾಡೂ ತಪ್ಪು ಇದು. ಉಳದವ್ರಿಗೆ ತಪ್ಪ ಮಾಡಾಕೂ ಬರಂಗಿಲ್ಲ."

"ಮಾತ ಛಲೋ ಆಡ್ತೀರಿ. ನೋಟಿಸ್ ಬಂದ್ರ ಮಾತ ಬರ್ತೈತೇನ್ರಿ? ಆಕಿ ಸಿ ಗ್ರೂಪ್‌ನ್ಯಾಗ ಇರ್ಲಿ. ಪಾಸ್ ಆದ್ರ ಸಾಕು."

"ಆಕೀಗೆ ಸಾಕಾಗಂಗಿಲ್ರಿ. ಆಕಿ ನಾಳಿಯಿಂದ ನನ್ನ ಎ ಗ್ರೂಪಿನ ಕ್ಲಾಸಿಗೆ ಕುಂಡ್ರತಾಳ."

"ಫೇಲ್ ಆದ್ರ?"

"ನನ್ನ ಹೆಸರ ಬರಕೋರಿ."

ಬರೆದುಕೊಂಡರು. ಈ ವಿದ್ಯಾರ್ಥಿನಿ ನಪಾಸಾದರೆ ಹೊಣೆ ನನ್ನದು ಎಂದು ಬರೆಸಿ ಸಹಿ ಹಾಕಿಸಿಕೊಂಡರು.

ಹುಡುಗಿ ಅಳುತ್ತಾಳೆ ಎಂದುಕೊಂಡಿದ್ದೆ. ಹಾಳೆ ಕೈಗೆ ಕೊಟ್ಟಾಗ ಆ ಕೆಂಪು ಪ್ರಶ್ನೆಯನ್ನು ಓದಿ, "ಇದು ಎಲ್ಲಿದೆ ಅಂತ ಕೇಳ್ಯಾರಲ್ರಿ. ಒಮ್ಮೆ ಕತ್ತಲ್ಯಾಗ ನಮ್ಮ ಹಟ್ಟಿಗೆ ಬರ್ರಿ ಅಂತ ಹೇಳ್ರಿ ಅವರಿಗೆ" ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಅವಳನ್ನು ಬಿಸಿಲಿಗೆ ಕರೆದುಕೊಂಡು ಹೋಗಿ ಗೆಳತಿಯ ಎದುರು ನಿಲ್ಲಿಸಿದೆ. "ಇದು ಮನುಷ್ಯಾರ ಕಣ್ಣು. ಪಾಪೆ ದುಂಡಗೈತಿ, ಬಿಸಲಿಗೆ ಸಣ್ಣದ ಆಗತೈತಿ, ನೆಳ್ಳಿಗೆ ದೊಡ್ಡದ ಆಗತೈತಿ, ನೋಡು. ಕುರೀದು ಅಡ್ಡ ಸೀಳು. ಕೇಳಿದ ಕಣ್ಣ ಬರಿಬೇಕು, ಕಂಡದ್ದಲ್ಲ." ಅವಳು ಗೆಳತಿಯ ಮುಖ ಹಿಡಿದುಕೊಂಡು ನೆರಳಿಗೆ, ಬಿಸಿಲಿಗೆ ಎಳೆದಾಡಿ ನೋಡಿದಳು. ಗೆಳತಿ, "ಸಾಕ ಬಿಡಬೇ, ಕುತ್ತಿಗಿ ಮುರೀತಿ" ಎಂದು ಬೈದಳು.

ಅಷ್ಟರಲ್ಲಿ ಮೇಲಿನ ಕಚೇರಿಗೂ ಯಾರೋ ಹಚ್ಚಿಕೊಟ್ಟಿದ್ದರು. ಶಾಲೆಯ ಆವರಣಕ್ಕೆ ಮಾಂಸ ತಂದದ್ದು ಯಾಕೆ ಎಂದು ವಿವರಣೆ ಕೇಳಿದರು. ಕಣ್ಣಿನ ಪಾಠಕ್ಕೆ ಕಣ್ಣು ಬೇಕಾಗಿತ್ತು, ಮುಂದಿನ ವರ್ಷವೂ ಬೇಕಾಗುತ್ತದೆ ಎಂದು ಬರೆದುಕೊಟ್ಟೆ. ಅದಕ್ಕೆ ಉತ್ತರ ಇವತ್ತಿನವರೆಗೂ ಬಂದಿಲ್ಲ.

ಮಾರ್ಚಿನವರೆಗೆ ಆ ಹುಡುಗಿಯನ್ನು ನಾನು ಬಿಡಲಿಲ್ಲ, ಅವಳೂ ನನ್ನನ್ನು ಬಿಡಲಿಲ್ಲ. ಗಣಿತದ ಮೇಡಂ ಅವರೂ ಮೆತ್ತಗಾದರು. ಬಿಡುವಿನ ಹೊತ್ತಿನಲ್ಲಿ ಅವಳನ್ನು ಕೂರಿಸಿಕೊಂಡು, ಚುಕ್ಕಿ ಇಲ್ಲದ ಗಣಿತ ಹೇಳಿಕೊಟ್ಟರು. ಹುಡುಗಿಯ ಅಪ್ಪ ಒಮ್ಮೆ ಕುರಿ ಈಯುವ ಹೊತ್ತು ಎಂದು ಕರೆಯಲು ಬಂದವನು ಶಾಲೆಯ ಗೇಟಿನ ಹತ್ತಿರ ನಿಂತು, ಅವಳನ್ನು ಕಳಿಸಿ ಎಂದು ನನ್ನನ್ನು ಕೇಳಿದ. "ಪಾಸ್ ಆದ್ರ ಸಾಕ್ರಿ ಟೀಚರ್. ಫೇಲ್ ಆದ್ರೂ ಕುರಿ ಅದಾವ." ನಾನು ಕಳಿಸುವುದಿಲ್ಲ ಎಂದೆ. ಅವನು ಟವೆಲು ಹೆಗಲಿಗೆ ಹಾಕಿಕೊಂಡು, "ಹಂಗಾದ್ರ ಈ ಸಲ ನಮ್ಮ ತಮ್ಮನ ಹೇಣತಿನ್ನ ಕರಕೊಂಡ ಹೊಕ್ಕೀನ್ರಿ" ಎಂದು ಹೋದ.

ವಿಜ್ಞಾನ ಪರೀಕ್ಷೆಯ ದಿನ ನಾನು ಸೆಂಟರಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಮಕ್ಕಳು ಹೊರಗೆ ಬಂದರು. ಹುಡುಗಿ ಓಡಿ ಬಂದಳು.

"ಟೀಚರ್, ಕಣ್ಣಿನ ಚಿತ್ರ ಬಂದಿದ್ದಿಲ್ರಿ! ದೂರಿಂದು ಕಾಣದವರಿಗೆ ಎಂಥಾ ಮಸೂರ ಕೊಡಬೇಕು, ಯಾಕ ಅಂತ ಕೇಳಿದ್ರು. ನಾ ಬರದ್ನಿರಿ."

ಅವಳ ಹಿಂದೆ ಸಿ ಗ್ರೂಪಿನ ಹುಡುಗರು ಖುಷಿಯಲ್ಲಿ ಬರುತ್ತಿದ್ದರು. ಪ್ರಶ್ನೆಯಲ್ಲಿ ಕಣ್ಣು ಎಂಬ ಮಾತು ಕಂಡದ್ದೇ ತಡ, ಅವರು ಚುಕ್ಕಿ ಇಟ್ಟು ಇಡೀ ಕಣ್ಣು ಬರೆದು ಬಂದಿದ್ದರು. "ಮೂರ ಮಾರ್ಕ್ಸ್ ಗ್ಯಾರಂಟಿ ಅಲ್ರೀ ಟೀಚರ್?" ಎಂದು ಕೇಳಿದ ಒಬ್ಬ. ಅವನ ಬೆನ್ನು ತಟ್ಟಿದೆ. ಆ ಕ್ಷಣ ನನಗಾದ ಸಂಕಟ ಯಾವ ನೋಟಿಸಿನಿಂದಲೂ ಆಗಿಲ್ಲ. ಅವರಲ್ಲಿ ಒಬ್ಬರೂ ದಡ್ಡರಲ್ಲ. ಮೇಜಿನ ಸುತ್ತ ಮುಗಿಬಿದ್ದು ನೋಡಿದವರೇ ಅವರೆಲ್ಲ. ಒಂದು ಸೋಮವಾರ ತೋರಿಸಿ, ಉಳಿದ ದಿನವೆಲ್ಲ ಅವರನ್ನು ಪ್ಯಾಕೇಜಿಗೆ ಬಿಟ್ಟುಕೊಟ್ಟಿದ್ದೆವು.

ರಿಸಲ್ಟ್ ಬಂತು. ಸಿ ಗ್ರೂಪಿನ ಬಹಳ ಮಂದಿ ಹೇಗೋ ಪಾಸಾದರು. ಪ್ಯಾಕೇಜು ಗೆದ್ದಿತು ಎಂದು ಹೆಡ್‌ಮಾಸ್ತರ್ ಪೇಢೆ ಹಂಚಿದರು, ನಿಶ್ಚಿಂತೆಯಿಂದ ನಿವೃತ್ತರಾದರು. ಹುಡುಗಿಯ ಮಾರ್ಕ್ಸ್ ನೋಡಿ, ನಾನು ಸಹಿ ಮಾಡಿದ್ದ ಹಾಳೆಯನ್ನು ಅವರೇ ಹುಡುಕಿ ತೆಗೆದು ಹರಿದು ಹಾಕಿದರು. "ನಿಮ್ಮ ಕುರಿ ಗೆದ್ದಿತ್ರಿ ಮೇಡಂ" ಎಂದರು. ಡಿಪ್ಲೊಮಾದ ಮೊದಲ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಎರಡನೆಯದರಲ್ಲಿ ಬಂತು, ದೂರದ ಜಿಲ್ಲೆಯಲ್ಲಿ. ಅಪ್ಪ ತಾನೇ ಕರೆದುಕೊಂಡು ಹೋಗಿ ಹಾಸ್ಟೆಲ್ಲಿಗೆ ಬಿಟ್ಟು ಬಂದ.

ಈ ಚಳಿಗಾಲದಲ್ಲಿ ಒಂದು ಭಾನುವಾರ ಅವನ ಫೋನು ಬಂತು. "ಟೀಚರ್, ಇವತ್ತ ನಮ್ಮ ತಮ್ಮ ಕುರಿ ಕಡದಾನ್ರಿ. ಕಣ್ಣ ಬೇಕೇನ್ರಿ?"

"ಬೇಕ್ರಿ. ಇದ್ದಷ್ಟೂ ಬೇಕು."

"ನಾಳಿ ಸೋಮಾರ ಐತ್ರಿ ಮತ್ತ."

"ಇರ್ಲಿ ಬಿಡ್ರಿ. ಸೋಮಾರನ ಆಗ್ಲಿ."

ಡಬ್ಬಿ ತಂದವಳು ರಜೆಗೆ ಬಂದಿದ್ದ ಅವಳೇ. ಹೊಸ ಹೆಡ್‌ಮಾಸ್ತರ್ ಬಂದರೂ ಎ ಇದೆ, ಸಿ ಇದೆ, ನಡುವೆ ಬಿ ಇನ್ನೂ ಬಂದಿಲ್ಲ. ಸಿ ಗ್ರೂಪಿನ ಕೋಣೆಗೆ ಇಬ್ಬರೂ ಹೋದೆವು. ಈ ಸಲ ಬ್ಲೇಡು ಹಿಡಿದದ್ದು ಅವಳು. ಒಂದೇ ಏಟಿಗೆ ಕೊಯ್ದಳು, ನನ್ನ ಸೀರೆಗೆ ಹನಿಯೂ ಹಾರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಬಿಚ್ಚಿ ಹಿಡಿದುಕೊಂಡು ಕೇಳಿದಳು:

"ಅಕ್ಕಾ, ಇದು ಎಷ್ಟ ಮಾರ್ಕ್ಸಿಂದು?"

ಅವಳು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಆ ಹುಡುಗಿಯ ಕೈಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟು, ಅಂಗೈ ಬಿಡಿಸಿ, ಮಸೂರವನ್ನು ಅದರಲ್ಲಿ ಇಟ್ಟಳು.

"ಮಾರ್ಕ್ಸ್ ಆಮ್ಯಾಲ ಕೇಳವಂತಿ. ಮೊದಲ ಇದರಾಗ ಹಾಯಿಸಿ ನೋಡು, ಏನ ಕಾಣತೈತಿ ಹೇಳು."